ಕೈ ಬಿಟ್ಟದ್ದು ಯಾರು

ಈ ಜೂನ್ ತಿಂಗಳಲ್ಲಿ ಗೆಳತಿಯೊಬ್ಬಳ ಮಗುವಿನ ನಾಮಕರಣಕ್ಕೆಂದು ಗಂಗೊಳ್ಳಿಗೆ ಹೋಗಿದ್ದೆ. ಬಸ್ಸಿಳಿದು ಬಂದರಿನ ಕಡೆಯ ರಸ್ತೆಗೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಮಳೆಗೆ ನೆನೆದ ಬಲೆ, ಡೀಸೆಲ್, ಒಣಮೀನು, ಐಸ್ ಪ್ಲಾಂಟಿನಿಂದ ಹರಿದು ಬರುವ ತಣ್ಣನೆಯ ನೀರು, ಎಲ್ಲ ಸೇರಿದ ವಾಸನೆ. ಬ್ರಹ್ಮಾವರದ ಒಳಭಾಗದಲ್ಲಿ ಗದ್ದೆಗಳ ನಡುವೆ ಬೆಳೆದ ನಾನು ಮೊದಲ ದಿನ ಅದಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಈಗ ಏಳು ವರ್ಷಗಳ ಮೇಲೆ ಅದೇ ವಾಸನೆಗೆ ನಾನು ಕೊಡೆ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ನಿಂತುಬಿಟ್ಟೆ. ಅಲ್ಲಿ ನಾನು ಕಳೆದದ್ದು ಒಂದೇ ಒಂದು ಮಳೆಗಾಲ. ಆದರೆ ಪಾಠ ಹೇಳುವ ಕೆಲಸದಲ್ಲಿ ನಾನು ಏನಾದರೂ ಕಲಿತಿದ್ದರೆ ಅದು ಆ ಮಳೆಗಾಲದಲ್ಲಿಯೇ.

ಆ ವರ್ಷ ನಾನು ಗಂಗೊಳ್ಳಿಯ ಹತ್ತಿರದ ಒಂದು ಪದವಿಪೂರ್ವ ಕಾಲೇಜಿಗೆ ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಬೆಳಿಗ್ಗೆ ಬ್ರಹ್ಮಾವರದಿಂದ ಕುಂದಾಪುರಕ್ಕೆ ಒಂದು ಬಸ್ಸು. ಕುಂದಾಪುರದಲ್ಲಿ ನಿಂತರೆ ಹೊಳೆಯ ಆಚೆ ಗಂಗೊಳ್ಳಿ ಕಣ್ಣಿಗೆ ಕಾಣುತ್ತದೆ, ಆದರೆ ಅಲ್ಲಿಗೆ ತಲುಪಲು ತ್ರಾಸಿ ಸುತ್ತಿಕೊಂಡು ಇನ್ನೊಂದು ಬಸ್ಸು. ಒದ್ದೆ ಸೀರೆಯ ಅಂಚು ಹಿಂಡಿಕೊಂಡು ತರಗತಿಗೆ ಹೋಗುವುದು ಅಭ್ಯಾಸವಾಗಿ ಹೋಗಿತ್ತು. ಮೀನುಗಾರಿಕೆಗೆ ನಿಷೇಧವಿರುವ ದಿನಗಳು. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡು ಮಳೆಯಲ್ಲಿ ತೊಯ್ಯುತ್ತಿದ್ದವು. ಗಂಡಸರು ಮಾಡಿನ ಕೆಳಗೆ ಕುಳಿತು ಬಲೆ ಹೊಲಿಯುತ್ತಿದ್ದರು.

ಪಠ್ಯಪುಸ್ತಕಗಳು ಇನ್ನೂ ಬಂದಿರಲಿಲ್ಲ. ಮಕ್ಕಳನ್ನು ಸುಮ್ಮನೆ ಕೂರಿಸುವುದು ಹೇಗೆ? ಕಾಲೇಜಿನ ಕಪಾಟಿನಲ್ಲಿ ಹುಡುಕಿದಾಗ ಒಂದು ತೆಳ್ಳನೆಯ ಕವನಸಂಕಲನ ಸಿಕ್ಕಿತು. ಅಮಾಸೆಬೈಲಿನ ನಿವೃತ್ತ ಮಾಸ್ತರರೊಬ್ಬರು ತಾವೇ ಅಚ್ಚು ಹಾಕಿಸಿದ್ದು. ಅವರ ಹೆಸರು ಇಲ್ಲಿ ಬೇಡ, ಹೆಸರು ಹೇಳಿಸಿಕೊಳ್ಳುವ ಜಾತಿಯವರಲ್ಲ ಅವರು. ಅದರಲ್ಲಿ ಒಂಬತ್ತೇ ಸಾಲಿನ ಒಂದು ಕವಿತೆ ನನಗೆ ಹಿಡಿಸಿತು. ಕರಿಹಲಗೆಯ ಮೇಲೆ ಬರೆದೆ.

ಅಪ್ಪ ಮುಂದೆ ಮಗ ಹಿಂದೆ
ಎದೆಮಟ್ಟ ಕೆಂಪು ನೀರು
ಹಿಡಿ ಅಂದ ಹಿಡಿದ
ಬಿಗಿ ಅಂದ ಬಿಗಿದ
ನಡುನೀರಿನಲ್ಲಿ ಕೈ ಬಿಟ್ಟ
ಆಚೆ ದಡದಲ್ಲಿ ಒಬ್ಬ
ಒದ್ದೆ ಬಟ್ಟೆ ಹಿಂಡುತ್ತ
ಈಗಲೂ ನಿಂತಿದ್ದಾನೆ
ಮಳೆ ನಿಂತ ಮೇಲೂ

ಅರ್ಥ ಹೇಳುವುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ‘ನಡುನೀರಿನಲ್ಲಿ ಕೈ ಬಿಡುವುದು’ ಎಂದರೆ ನಮ್ಮ ಮಾತಿನಲ್ಲಿ ಏನು ಎಂದು ಎಲ್ಲರಿಗೂ ಗೊತ್ತು. ಹಿಡಿ, ಬಿಗಿ ಎಂದು ನಂಬಿಸಿದ ತಂದೆಯೇ ಮಗನನ್ನು ಬಿಟ್ಟುಬಿಟ್ಟ. ಆಚೆ ದಡದಲ್ಲಿ ನಿಂತವನು ಹೇಗೋ ಈಜಿ ಪಾರಾದ ಮಗ. ಅವನ ಒಳಗಿನ ಒದ್ದೆ ಈಗಲೂ ಆರಿಲ್ಲ. ಹೀಗೆ ಹೇಳಿ ಹಲಗೆಯ ಮೇಲೆ ‘ತಂದೆಯ ವಿಶ್ವಾಸದ್ರೋಹ’ ಎಂದು ಬರೆದು ಅಡಿಗೆರೆ ಎಳೆದೆ. ನನಗೆ ಅದು ಬೇರೆ ಅರ್ಥದಲ್ಲಿ ಕಾಣಲು ಸಾಧ್ಯವೂ ಇರಲಿಲ್ಲ. ನನಗೆ ಏಳು ವರ್ಷವಾಗಿದ್ದಾಗ ಮುಂಬೈಯ ಹೋಟೆಲಿಗೆ ಕೆಲಸಕ್ಕೆಂದು ಹೋದ ನನ್ನ ಅಪ್ಪ ಎರಡು ವರ್ಷ ಬಂದು ಹೋಗಿ ಮಾಡಿದರು, ಮೂರನೆಯ ವರ್ಷ ಬರಲಿಲ್ಲ. ಅಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾರೆ ಎಂದು ಊರಿಗೆ ಬಂದವರು ಯಾರೋ ಹೇಳಿದರು. ಅಷ್ಟೇ.

ಎರಡನೆಯ ಬೆಂಚಿನ ನಾಗಶ್ರೀ ಎದ್ದು ನಿಂತಳು. ಮೀನುಗಾರರ ಮನೆಯ, ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವ ಹುಡುಗಿ.

“ಮೇಡಮ್, ಅಪ್ಪ ಬಿಟ್ಟದ್ದ್ ಸರಿ. ಆದ್ರೆ ಮೋಸಕ್ಕ್ ಅಲ್ಲ. ಇಬ್ರೂ ಮುಳ್ಗುದ್ ಬ್ಯಾಡ, ಮಗ ಆದ್ರೂ ಬದ್ಕಲಿ ಅಂದ್ಹೇಳಿ ಬಿಟ್ಟದ್ದ್. ನಮ್ಮ ಗೋವಿಂದಣ್ಣನ ಅಪ್ಪಯ್ಯ ಬಿಡ್ಲಿಲ್ಯಾ, ಹಂಗೆ.”

ಇಡೀ ತರಗತಿ “ಹೌದ್ ಹೌದ್” ಎಂದಿತು. ಎಂದದ್ದೇ ಎಲ್ಲರ ಮುಖವೂ ಬಾಗಿಲ ಕಡೆ ತಿರುಗಿತು. ಅಲ್ಲಿ ಸೂಚನಾ ಪುಸ್ತಕ ಹಿಡಿದುಕೊಂಡು ಕಾಲೇಜಿನ ಅಟೆಂಡರ್ ಗೋವಿಂದಣ್ಣ ನಿಂತಿದ್ದರು. ನಲವತ್ತು ಹತ್ತಿರವಾದ, ಬೋಟಿನವರ ಹಾಗೆ ಅಗಲ ಭುಜದ, ಅತಿ ಕಡಿಮೆ ಮಾತಿನ ಮನುಷ್ಯ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹಲಗೆಯನ್ನೊಮ್ಮೆ ನೋಡಿ ಒಳಗೆ ಬಂದು, “ಒಂದ್ ಸೈನ್ ಮಾಡಿ ಮೇಡಮ್” ಎಂದರು. ಸಹಿ ಮಾಡಿಸಿಕೊಂಡು ಹೋದರು.

ಕತೆ ಏನೆಂದು ಸ್ಟಾಫ್ ರೂಮಿನಲ್ಲಿ ತಿಳಿಯಿತು. ಹನ್ನೆರಡು ವರ್ಷದ ಹಿಂದೆ, ಇಂಥದೇ ಮಳೆಗಾಲದಲ್ಲಿ, ಗೋವಿಂದಣ್ಣ ಮತ್ತು ಅವರ ತಂದೆ ನಾಡದೋಣಿಯಲ್ಲಿ ಹೋಗಿದ್ದರಂತೆ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಮಗ ಮಗುಚಿದ ದೋಣಿಗೆ ಒಂದು ಕೈಯಿಂದ ಅಂಟಿಕೊಂಡು ಇನ್ನೊಂದರಲ್ಲಿ ತಂದೆಯನ್ನು ಹಿಡಿದುಕೊಂಡಿದ್ದ. ಇಬ್ಬರ ಭಾರವನ್ನು ಅವನು ತಾಳಲಾರ ಎಂದು ತಂದೆಯೇ ಕೈ ಬಿಡಿಸಿಕೊಂಡರು. ಊರಿನಲ್ಲಿ ಇದು ಗೊತ್ತಿಲ್ಲದವರಿಲ್ಲ. ಮೀನುಗಾರರ ಸಂಘದ ಸಭೆಯಲ್ಲಿ ಪ್ರತಿವರ್ಷ ಆ ತಂದೆಯ ತ್ಯಾಗವನ್ನು ನೆನೆದು ಒಂದು ನಿಮಿಷ ನಿಲ್ಲುತ್ತಾರೆ. ಗೋವಿಂದಣ್ಣ ಮತ್ತೆ ನೀರಿಗೆ ಇಳಿಯಲಿಲ್ಲ, ಕಾಲೇಜಿಗೆ ಸೇರಿಕೊಂಡರು.

ಕೇಳಿ ನನಗೆ ನಾಚಿಕೆಯಾಯಿತು. ಅಂಥವರ ಎದುರಿಗೆ ‘ವಿಶ್ವಾಸದ್ರೋಹ’ ಎಂದು ಬರೆದು ಅಡಿಗೆರೆ ಎಳೆದಿದ್ದೆನಲ್ಲ. ಸಂಜೆ ನಾಲ್ಕಕ್ಕೆ ಅವರು ಕೋಣೆಗಳಿಗೆ ಬೀಗ ಹಾಕುತ್ತಿದ್ದಾಗ ಹೋಗಿ, “ಬೇಜಾರು ಮಾಡಿಕೊಳ್ಳಬೇಡಿ ಗೋವಿಂದಣ್ಣ, ನನಗೆ ಗೊತ್ತಿರಲಿಲ್ಲ” ಎಂದೆ.

“ಬೇಜಾರ್ ಎಂತಕೆ ಮೇಡಮ್” ಎಂದು ಅವರು ಬೀಗವನ್ನೇ ನೋಡಿದರು. ಮತ್ತೆ, “ಆ ಪದ್ಯದ್ ಒಂದ್ ಜೆರಾಕ್ಸ್ ಸಿಕ್ಕುತ್ತಾ?” ಎಂದು ಕೇಳಿದರು.

ಕೊಟ್ಟೆ. ಎಂಟು ದಿನ ಸುದ್ದಿ ಇಲ್ಲ. ಒಂಬತ್ತನೆಯ ದಿನ ನಾನು ಒಬ್ಬಳೇ ಕೂತಿದ್ದಾಗ ಚಾ ತಂದಿಟ್ಟು ಅಲ್ಲೇ ನಿಂತರು.

“ಮೇಡಮ್, ಇದ್ರಗೆ ಕೈ ಬಿಟ್ಟದ್ದ್ ಯಾರ್?”

“ನಾನು ತಂದೆ ಅಂತ ಹೇಳಿದ್ದೆ. ನಾಗಶ್ರೀ ಕೂಡ ತಂದೆ ಅಂತಲೇ ಹೇಳಿದ್ದು, ಕಾರಣ ಮಾತ್ರ ಬೇರೆ. ಅವಳು ಹೇಳಿದ್ದೇ ಸರಿ ಇರಬಹುದು.”

“ಇಬ್ರೂ ಅಪ್ಪ ಅಂದ್ರಿ. ಬರ್ದವ್ರ್ ಅಪ್ಪ ಅಂದ್ ಬರೀಲಿಲ್ಲ ಅಲ್ದಾ?”

ನಾನು ಪುಸ್ತಕ ತೆಗೆದು ನೋಡಿದೆ. ನಿಜ. ಹಿಡಿದ, ಬಿಗಿದ ಎಂಬಲ್ಲಿ ಮಗ ಎಂದು ತಿಳಿಯುತ್ತದೆ. ಆ ಮೇಲೆ ‘ಕೈ ಬಿಟ್ಟ’ ಎಂದಷ್ಟೇ ಇದೆ. ಯಾರು ಎಂದು ಇಲ್ಲ. ಎಂ.ಎ. ಓದಿದ ನನ್ನ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬಿದ್ದಿತ್ತು. ಅವರು ಉತ್ತರಕ್ಕೆ ಕಾಯದೆ ಗ್ಲಾಸು ತೆಗೆದುಕೊಂಡು ಹೋದರು.

ಜುಲೈ ಕೊನೆಗೆ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಒಂದು ದಿನ ನಾನು ಕಾಲೇಜು ತಲುಪಿದ ಮೇಲೆ ತಿಳಿಯಿತು, ಬೆಳಿಗ್ಗೆಯೇ ರಜೆ ಘೋಷಣೆಯಾಗಿದೆ. ಬಸ್ಸುಗಳೂ ನಿಂತಿದ್ದವು. ಗೇಟಿನ ಹತ್ತಿರ ಗೋವಿಂದಣ್ಣ, “ಹ್ವಾಯ್ ಮೇಡಮ್, ಇಲ್ಲ್ ನಿಂತ್ ಎಂತ ಮಾಡ್ತ್ರಿ? ಮನಿಗ್ ಬನ್ನಿ, ಅಬ್ಬಿ ಇದ್ಲ್” ಎಂದರು. ಅಬ್ಬಿ ಎಂದರೆ ಅವರ ತಾಯಿ, ಮುತ್ತಕ್ಕ. ಗೋವಿಂದಣ್ಣ ಮದುವೆಯಾಗಿರಲಿಲ್ಲ, ಮನೆಯಲ್ಲಿ ತಾಯಿ ಮಗ ಇಬ್ಬರೇ.

ಬಂದರಿನ ಹಿಂದಿನ ಸಣ್ಣ ಹೆಂಚಿನ ಮನೆ. ಮುತ್ತಕ್ಕ ನನ್ನನ್ನು ಒಲೆಯ ಹತ್ತಿರವೇ ಕೂರಿಸಿಕೊಂಡರು. ತಲೆ ಒರೆಸಲು ಬಟ್ಟೆ ಕೊಟ್ಟು, ಬಿಸಿ ಗಂಜಿ ಬಡಿಸಿ, ಸುಟ್ಟ ಒಣಮೀನಿನ ಚಟ್ನಿ ಹಾಕಿದರು. ಅಷ್ಟು ರುಚಿಯ ಗಂಜಿ ನಾನು ಮತ್ತೆ ಉಂಡಿಲ್ಲ. ಊಟದ ನಡುವೆ ಅವರೇ ಗಂಡನ ಮಾತು ತೆಗೆದರು.

“ಮಗ ಹಿಡ್ಕಂಡೇ ಇದ್ದ. ಅವ್ರೇ ಕೈ ಬಿಡ್ಸ್ಕಂಡ್ರ್. ಅವ್ರ್ ಹಂಗೇ ಮೇಡಮ್. ಮನಿಯಗೂ ತಮ್ಮ ತಟ್ಟಿಯ ಮೀನ್ ಮಗನ ಬಟ್ಲಿಗೇ ಹಾಕ್ತಿದ್ರ್.” ನನ್ನ ಬಟ್ಟಲಿಗೆ ಇನ್ನಷ್ಟು ಗಂಜಿ ಹಾಕಿ, “ಇವ ಎಂತದೋ ಪದ್ಯ ಮಡ್ಚಿ ಕಿಸಿಯಗೆ ಇಟ್ಕಂಡಿದ್ದ. ನಂಗೆ ಓದುಕೆ ಬತ್ತಿಲ್ಲ. ನೀವ್ ಓದಿ ಕಾಂಬ” ಎಂದರು.

ನನಗೆ ಕವಿತೆ ಬಾಯಿಪಾಠವಾಗಿತ್ತು. ಹೇಳಿದೆ. ಮುತ್ತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇದ್ ನಮ್ದೇ ಕತಿ. ಆಚಿ ದಡದಗೆ ನಿಂತದ್ದ್ ಅವ್ರೇ. ನಾವ್ ಬಪ್ಪ ವರಿಗೂ ನಿಂತ್ಕಂತ್ರ್.”

ಹಾಗಾದರೆ ದಡದಲ್ಲಿರುವವನು ಮಗನಲ್ಲ, ಅಪ್ಪ. ಆಚೆ ದಡ ಎಂದರೆ ಸತ್ತವರ ದಡ. ಆ ಅರ್ಥ ನನಗೆ ಹೊಳೆದೇ ಇರಲಿಲ್ಲ. ಗೋವಿಂದಣ್ಣ ಹೊಸ್ತಿಲ ಮೇಲೆ ನಮಗೆ ಬೆನ್ನು ಹಾಕಿ ಕುಳಿತು ಮಳೆ ನೋಡುತ್ತಿದ್ದರು. ತಾಯಿ ಮಾತನಾಡುವಷ್ಟು ಹೊತ್ತೂ ಆ ಬೆನ್ನು ಒಂದಿಷ್ಟೂ ಅಲುಗಾಡಲಿಲ್ಲ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟು ಬಸ್ಸುಗಳು ಶುರುವಾದಾಗ ಗೋವಿಂದಣ್ಣ ನನ್ನ ಜೊತೆ ಬಸ್ಸಿನವರೆಗೆ ಬಂದರು. ದಾರಿಯಲ್ಲಿ ಕೇಳಿದರು: “ಬರ್ದವ್ರ್ ಈಗ ಇದ್ರಾ?”

“ಇದ್ದಾರಂತೆ. ಅಮಾಸೆಬೈಲಿನಲ್ಲಿ. ಪುಸ್ತಕದ ಹಿಂದೆ ವಿಳಾಸ ಇದೆ. ನೀವೂ ಬನ್ನಿ, ಒಂದು ಭಾನುವಾರ ಹೋಗುವ.”

“ನಾನ್ ಬತ್ತಿಲ್ಲ. ನೀವ್ ಕೇಳಿ ಕಾಣಿ. ಕೈ ಬಿಟ್ಟದ್ದ್ ಯಾರ್ ಅಂದ್ ಒಂದ್ ಮಾತ್ ಕೇಳಿ.”

ಅವರ ಧ್ವನಿಯಲ್ಲಿ ಏನೋ ಇತ್ತು. ತಂದೆಯ ತ್ಯಾಗಕ್ಕೆ ಕವಿಯ ಬಾಯಿಂದಲೂ ಒಂದು ಸಾಕ್ಷಿ ಬೇಕಾಗಿದೆ ಎಂದು ನಾನು ತಿಳಿದುಕೊಂಡೆ. ಆ ಸಾಕ್ಷಿಯನ್ನು ತಂದುಕೊಡುವ ಉತ್ಸಾಹದಲ್ಲಿಯೇ ಆಗಸ್ಟಿನ ಒಂದು ಭಾನುವಾರ ಹೊರಟೆ.

ಅಮಾಸೆಬೈಲಿನ ಆ ಮನೆಯ ಜಗಲಿಯಲ್ಲಿ ಮಾಸ್ತರರು ಶಾಲು ಹೊದ್ದು ಕೂತಿದ್ದರು. ಎಪ್ಪತ್ತೈದು ದಾಟಿದ, ಕಿವಿ ಮಂದವಾದ, ಒಣಗಿದ ಕಡ್ಡಿಯಂಥ ಮನುಷ್ಯ. ತಮ್ಮ ಪುಸ್ತಕವನ್ನು ಯಾರೋ ತರಗತಿಯಲ್ಲಿ ಓದಿದರು ಎಂದಾಗ ನಂಬಲಿಲ್ಲ. ಸೊಸೆ ಕಷಾಯ ತಂದುಕೊಟ್ಟಳು. ನಾನು ನನ್ನ ಅರ್ಥ, ನಾಗಶ್ರೀಯ ಅರ್ಥ, ಮುತ್ತಕ್ಕನ ಅರ್ಥ ಎಲ್ಲ ಹೇಳಿದೆ. ಗೋವಿಂದಣ್ಣನ ಹೆಸರು ಹೇಳದೆ ಅಳಿವೆಯ ಸಂಗತಿಯನ್ನೂ ಹೇಳಿದೆ. ಅವರು ಕಿವಿಗೆ ಕೈ ಹಿಡಿದು ಪೂರ್ತಿ ಕೇಳಿದರು. ಕೊನೆಗೆ ನಾನು ಗಟ್ಟಿಯಾಗಿ, “ಕೈ ಬಿಟ್ಟದ್ದು ಯಾರು, ಸರ್?” ಎಂದೆ.

“ಮಗ” ಎಂದರು.

ಅವರು ಅಂಗಳ ನೋಡುತ್ತ ನಿಧಾನಕ್ಕೆ ಹೇಳಿದರು.

“ಹೊಳೆ ಗಿಳೆ ಎಂತದ್ದೂ ಇರಲಿಲ್ಲ. ಅದು ಆಸ್ಪತ್ರೆ. ನನ್ನ ಅಪ್ಪಯ್ಯನಿಗೆ ಉಸಿರಾಟದ ಮೆಷಿನ್ ಹಾಕಿದ್ದರು. ಹದಿನೆಂಟು ದಿನ ಹತ್ತಿರ ಕೂತಿದ್ದೆ. ನಾನು ಕೈ ಹಿಡಿದರೆ ಅಪ್ಪಯ್ಯ ಬೆರಳು ಬಿಗಿ ಮಾಡುತ್ತಿದ್ದರು. ಹತ್ತೊಂಬತ್ತನೇ ದಿನ ಡಾಕ್ಟರು, ಇನ್ನು ನಿಮಗೆ ಬಿಟ್ಟದ್ದು ಅಂದರು. ಮೆಷಿನ್ ತೆಗೆಯಲಿಕ್ಕೆ ನಾನು ಸೈನ್ ಹಾಕಿದೆ. ಆ ದಿನವೂ ಬೆರಳು ಬಿಗಿ ಮಾಡಿದ್ದರು. ಎಲ್ಲರೂ ಅಂದರು, ಒಳ್ಳೆಯದು ಮಾಡಿದೆ, ಅಪ್ಪನಿಗೆ ಮುಕ್ತಿ ಕೊಟ್ಟೆ ಅಂತ. ಇರಬಹುದು. ನನಗೆ ಗೊತ್ತಿದ್ದದ್ದು ಬೆರಳು ಮಾತ್ರ.”

“ಹಾಗಾದರೆ ಮಗ ಅಂತಲೇ ಬರೆಯಬಹುದಿತ್ತಲ್ಲ?”

“ಬರೆದಿದ್ದೆ. ಹೊಡೆದು ಹಾಕಿದೆ. ವಾಕ್ಯಕ್ಕೆ ಕರ್ತೃಪದ ಇರಬೇಕು ಅಂತ ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದವ ನಾನು. ನನ್ನದೇ ವಾಕ್ಯಕ್ಕೆ ಹಾಕಲು ಕೈ ಬರಲಿಲ್ಲ.”

ಹೊರಡುವಾಗ ನಾನು ಕೇಳಿದೆ, ಇದನ್ನು ಅಳಿವೆಯಲ್ಲಿ ತಂದೆಯನ್ನು ಕಳೆದುಕೊಂಡವರಿಗೆ ಹೇಳಲೇ ಎಂದು. ಮಾಸ್ತರರು ಶಾಲು ಎಳೆದುಕೊಂಡರು. “ನೀವು ಕೇಳಿದಿರಿ, ನಾನು ಸುಳ್ಳು ಹೇಳಲಿಲ್ಲ. ಅಷ್ಟೇ ನನ್ನಿಂದ ಆಗುವುದು” ಎಂದರು.

ಬಸ್ಸಿನಲ್ಲಿ ಇಡೀ ದಾರಿ ನನ್ನನ್ನೇ ಬೈದುಕೊಂಡೆ. ಸಾಕ್ಷಿ ತರಲು ಹೋಗಿ ಏನನ್ನು ತಂದೆ! ಅಪ್ಪನ ಪುಣ್ಯದ ಮೇಲೆ ಬದುಕುತ್ತಿರುವ ಮನುಷ್ಯನಿಗೆ, ಮಗನೇ ಬಿಟ್ಟದ್ದಂತೆ ಎಂದು ಹೋಗಿ ಹೇಳಲೇ? ಸೋಮವಾರದಿಂದ ಗೋವಿಂದಣ್ಣನ ಕಣ್ಣು ತಪ್ಪಿಸಿ ಓಡಾಡಿದೆ. ಅವರೂ ಕೇಳಲಿಲ್ಲ. ಚಾ ತಂದಿಟ್ಟು ಹೋಗುತ್ತಿದ್ದರು. ಗುರುವಾರ ಸಂಜೆ ಮಕ್ಕಳೆಲ್ಲ ಹೋದ ಮೇಲೆ ತರಗತಿಯಲ್ಲಿ ಹಲಗೆ ಒರೆಸುತ್ತಿದ್ದೆ. ಅವರು ಕಿಟಕಿ ಹಾಕಲು ಬಂದರು.

“ಅಮಾಸೆಬೈಲಿಗ್ ಹೋಯ್ ಬಂದ್ರ್ಯಾ ಮೇಡಮ್?”

“ಹೋಗಿದ್ದೆ.”

“ಎಂತ ಅಂದ್ರ್?”

“ಕವಿತೆಯ ಅರ್ಥ ಓದುವವರಿಗೆ ಬಿಟ್ಟದ್ದು ಅಂದರು” ಎಂದೆ. ನಾನು ಹಲಗೆಯ ಕಡೆಗೇ ಮುಖ ಮಾಡಿದ್ದೆ.

ತಿರುಗಿ ನೋಡಿದರೆ ಅವರು ಕಿಟಕಿಯ ಚಿಲಕ ಹಿಡಿದು ನನ್ನನ್ನೇ ನೋಡುತ್ತಿದ್ದರು.

“ಹಂಗಾರೆ ಮಗ ಅಂದ್ರ್” ಎಂದರು.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಆಸ್ಪತ್ರೆ, ಹದಿನೆಂಟು ದಿನ, ಸಹಿ, ಬೆರಳು ಎಲ್ಲವನ್ನೂ ಹೇಳಿದೆ. ಹೇಳುತ್ತ ನನಗೆ ಹೆದರಿಕೆಯಾಗುತ್ತಿತ್ತು. ಆದರೆ ಅವರ ಮುಖದಲ್ಲಿ ನಾನು ಹೆದರಿದ್ದು ಯಾವುದೂ ಕಾಣಲಿಲ್ಲ. ಬಹಳ ಹೊತ್ತು ಹೊರೆ ಹೊತ್ತವನಿಗೆ ಯಾರೋ ಒಂದು ಕಡೆ ಕೈ ಕೊಟ್ಟ ಹಾಗೆ ಆ ಭುಜಗಳು ಇಳಿದವು. ನನ್ನ ಎದುರಿಗೆ ಯಾವತ್ತೂ ಕೂರದವರು ಮೊದಲ ಬೆಂಚಿನಲ್ಲಿ ಕೂತುಬಿಟ್ಟರು.

“ಅವ್ರೂ ಹಂಗೇ ಮಾಡ್ದವ್ರಾ” ಎಂದರು. ಪ್ರಶ್ನೆಯಾಗಿರಲಿಲ್ಲ ಅದು.

ಆಮೇಲೆ ಹೇಳಿದರು. ನಡುವೆ ನಿಲ್ಲಿಸುತ್ತ, ಎರಡೆರಡೇ ಮಾತು.

“ಮೂರ್ ಅಲಿ ತಡ್ಕಂಡೆ ಮೇಡಮ್. ನಾಲ್ಕ್ನೇದ್ ಬಪ್ಪುದ್ ಕಂಡಿತ್. ದೊಡ್ಡದ್. ಅಪ್ಪಯ್ಯ ನನ್ನ ಕೈ ಗಟ್ಟಿ ಹಿಡ್ಕಂಡಿದ್ರ್. ಬಿಡ್ಬೇಡ ಮಗಾ ಅಂದ್ರ್. ನಾನ್ ಎಳ್ಕಂಡೆ. ಆಲೋಚ್ನಿ ಮಾಡಿ ಅಲ್ಲ. ಕೈ ಎಳ್ಕಂಡ್ ಎರ್ಡೂ ಕೈಯಗೆ ದೋಣಿ ಹಿಡ್ಕಂಡೆ.”

ಹೊರಗೆ ಮಾಡಿನಿಂದ ನೀರು ಸುರಿಯುತ್ತಿತ್ತು.

“ಕರಿಗ್ ತಂದ್ ಹಾಕ್ದಾಗ ಯಾರೋ, ಅಪ್ಪಯ್ಯನೇ ಕೈ ಬಿಟ್ರಾ ಅಂದ್ ಕೇಂಡ್ರ್. ಹೂಂ ಅಂದೆ. ಅಷ್ಟೇ. ಒಂದ್ ಹೂಂ. ಮರುದಿನ ಊರೇ ಹೇಳ್ತಿತ್ತ್. ಅಬ್ಬಿ ಹೇಳ್ತಿದ್ಲ್. ಸಂಘದಗೆ ಎಲ್ಲ ಎದ್ದ್ ನಿಂತ್ರ್. ನಾನ್ ಎಂತ ಹೇಳುದ್? ಹನ್ನೆರ್ಡ್ ವರ್ಷ ಆಯ್ತ್. ಎಲ್ಲರಿಗೂ ಅಪ್ಪಯ್ಯ ದೇವ್ರ್. ಅವ್ರ್ ಬಿಡ್ಬೇಡ ಅಂದದ್ದ್ ನಂಗೊಬ್ಬನಿಗೇ ಗೊತ್ತಿತ್ತ್.”

ನಾನು ಸಮಾಧಾನದ ಮಾತು ಹುಡುಕಿದೆ. ಆ ಅಲೆಯಲ್ಲಿ ಯಾರಾದರೂ ಹಾಗೆಯೇ ಮಾಡುತ್ತಿದ್ದರು, ಜೀವ ತನ್ನನ್ನು ತಾನು ಹಿಡಿದುಕೊಳ್ಳುತ್ತದೆ ಎಂದು ಏನೋ ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು. “ಬ್ಯಾಡ ಮೇಡಮ್. ಎಲ್ಲ ಒಳ್ಳೇದೇ ಹೇಳಿದ್ರ್. ನೀವ್ ಕೇಂಡ್ಕಂಡ್ರಿ, ಸಾಕ್.” ಎದ್ದು ಉಳಿದ ಕಿಟಕಿಗಳನ್ನು ಒಂದೊಂದಾಗಿ ಹಾಕಿದರು.

ಮರುದಿನ ನಾನು ಅದೇ ತರಗತಿಯಲ್ಲಿ ಕವಿತೆಯನ್ನು ಮತ್ತೆ ಬರೆದೆ. ಮಕ್ಕಳ ನೋಟ್ಸಿನಲ್ಲಿದ್ದ ‘ವಿಶ್ವಾಸದ್ರೋಹ’ವನ್ನು ಹೊಡೆಯಲು ಹೇಳಿದೆ. “ಮತ್ತೆ ಎಂತ ಬರೆವುದ್ ಮೇಡಮ್?” ಎಂದು ನಾಗಶ್ರೀ ಕೇಳಿದಳು. ನಿಮಗೆ ಕಂಡದ್ದು ಬರೆಯಿರಿ, ಆದರೆ ಕವಿತೆಯಲ್ಲಿ ಇಲ್ಲದ ಪದವನ್ನು ಸೇರಿಸುವಾಗ ಅದನ್ನು ಸೇರಿಸುತ್ತಿರುವುದು ನೀವು ಎಂಬ ನೆನಪಿರಲಿ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಮುಂದಿನ ವಾರ ಪಠ್ಯಪುಸ್ತಕಗಳು ಬಂದವು, ಸಂಕಲನ ಕಪಾಟಿಗೆ ಹೋಯಿತು. ಮಾರ್ಚಿನಲ್ಲಿ ನನ್ನ ಅವಧಿ ಮುಗಿಯಿತು. ಬೈಂದೂರಿನ ಕಡೆ ಕೆಲಸ ಸಿಕ್ಕಿತು. ಮುತ್ತಕ್ಕ ತೀರಿಕೊಂಡದ್ದು ಮೂರು ವರ್ಷದ ಹಿಂದೆ. ಸಂಘದ ಸಭೆಯಲ್ಲಿ ಈಗಲೂ ಆ ಒಂದು ನಿಮಿಷ ನಿಲ್ಲುತ್ತಾರೆ. ಅದನ್ನು ಬದಲಿಸಲು ಯಾರೂ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ ಎಂದು ನನಗೆ ತೋರುತ್ತದೆ.

ಆದರೆ ನನಗೆ ಆ ಮಳೆಗಾಲ ಮುಗಿದದ್ದು ಚೌತಿಯ ರಜೆ ಕಳೆದು ಕಾಲೇಜು ತೆರೆದ ದಿನ. ಗೋವಿಂದಣ್ಣ ಚಾ ತಂದು ಮೇಜಿನ ಮೇಲಿಟ್ಟು, ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲ ಎಂದು ನೋಡಿಕೊಂಡು, “ಅಬ್ಬಿಗೆ ಹೇಳ್ದೆ ಮೇಡಮ್” ಎಂದರು.

“ಏನಂದರು?”

“ಮೀನ್ ಕೊಯ್ತಿದ್ಲ್. ಕತ್ತಿ ಬದಿಗಿಟ್ಟ್ಲ್. ನಾನ್ ಎದ್ದ್ ಹೋಪ ಅಂದ್ ಮಾಡ್ದೆ. ಆಗ, ಯಾವ ಕೈ ಅಂದ್ ಕೇಂಡ್ಲ್.”

ಅವರು ಬಲಗೈಯನ್ನು ಒಂದಿಷ್ಟು ಮುಂದಕ್ಕೆ ಚಾಚಿದರು, ತಾಯಿಗೆ ತೋರಿಸಿದ ಹಾಗೆಯೇ ಇರಬೇಕು.

“ಕೈ ತೊಳ್ಕಂಡ್ಲ್. ಸೆರಗಿಗೆ ಒರ್ಸ್ಕಂಡ್ಲ್. ಮತ್ತೆ ನನ್ನ ಈ ಕೈ ತಕಂಡ್ ತನ್ನ ಮಡ್ಲಗೆ ಇಟ್ಕಂಡ್ಲ್. ಒಲಿ ಮೇಲೆ ಅನ್ನ ಉಕ್ಕಿ ಬೆಂಕಿ ಆರಿ ಹೋಯ್ತ್ ಮೇಡಮ್. ಅಬ್ಬಿ ಏಳ್ಲಿಲ್ಲ.”

ಅಷ್ಟು ಹೇಳಿ ಅವರು ಗೋಡೆಯ ಗಡಿಯಾರ ನೋಡಿದರು. ಎರಡನೆಯ ಅವಧಿಗೆ ಹೊತ್ತಾಗಿತ್ತು. ಗಂಟೆ ಹೊಡೆಯಲು ಹೋದರು.